ಆ ಅಟ್ಟ ಬೇರೆ, ಈ ಅಟ್ಟ ಬೇರೆ

ಪ್ರಶ್ನೆ: ನಮ್ಮಜ್ಜಿ ಮನೇಲಿ ಒಲೆ ಮೇಲುಗಡೆ ಸೌದೆ ಇಡೋಕೆ ಅಂತ ಅಟ್ಟ ಇತ್ತು. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಅನ್ನೋ ಗಾದೇಲಿರೋದು ಇದೇ ಅಟ್ಟಾನಾ? ಸೌದೆ ಇರೋ ಕಡೆ ಒಲೆ ಉರಿದ್ರೆ ಮನೆ ಉಳಿಯುತ್ತಾ ಸಾರ್?
– ಓದುಗರು, ಸಾಗರ

ಉತ್ತರ: ಉಳಿಯಲ್ಲ ಬಿಡಿ. ಆದ್ರೆ ಗಾದೇಲಿರೋದು ಆ ಅಟ್ಟ ಅಲ್ಲ. ಸೌದೆ ಅಟ್ಟ ಆಗಿದ್ರೆ ‘ಅಟ್ಟದ ಮೇಲೆ’ ಅಂತಿರಬೇಕಿತ್ತು, ಗಾದೇಲಿ ಇರೋದು ‘ಅಟ್ಟ ಮೇಲೆ’, ಪಕ್ಕದಲ್ಲೇ ‘ಕೆಟ್ಟ ಮೇಲೆ’ ಇದೆ ನೋಡಿ, ಎರಡೂ ಒಂದೇ ಥರ. ಕೆಡು–ಕೆಟ್ಟ, ಸುಡು–ಸುಟ್ಟ, ಇಡು–ಇಟ್ಟ, ಹಾಗೇ ಅಡು–ಅಟ್ಟ. ಅಡು ಅಂದ್ರೆ ಬೇಯಿಸು, ನಮ್ಮ ‘ಅಡುಗೆ’ ಬಂದಿದ್ದೇ ಅದರಿಂದ, ತುಳುವಿನ ‘ಅಟಿಲ್’ ಕೂಡ ಅದೇ ಕುಟುಂಬದ್ದು. ಈಗ ಯಾರೂ ‘ಅನ್ನ ಅಟ್ಟೆ’ ಅನ್ನಲ್ಲ, ‘ಅಡುಗೆ ಮಾಡಿದೆ’ ಅಂತೀವಿ, ಅದಕ್ಕೇ ಈ ಗೊಂದಲ. ಅಡುಗೆ ಎಲ್ಲಾ ಮುಗಿದ ಮೇಲೆ ಒಲೆ ಚೆನ್ನಾಗಿ ಹತ್ತಿಕೊಳ್ತು, ಏನು ಪ್ರಯೋಜನ, ಅಂತ ಗಾದೆ ಅರ್ಥ.

ತಮಾಷೆ ಏನಂದ್ರೆ, ಪದ ಬೇರೆ ಆದ್ರೂ ಆ ಗಾದೆ ಹೇಳೋ ತಾಪತ್ರಯಕ್ಕೆ ಮದ್ದು ನಿಮ್ಮಜ್ಜಿ ಮನೆ ಅಟ್ಟಾನೇ. ಜೂನ್‌ನಲ್ಲಿ ಮಳೆ ಹಿಡಿದ್ರೆ ಮಲೆನಾಡಲ್ಲಿ ಕೊಟ್ಟಿಗೇಲಿಟ್ಟ ಸೌದೇನೂ ಥಂಡಿ ಕುಡಿಯುತ್ತೆ, ಊದುಗೊಳವೆ ಹಿಡಿದು ಎಷ್ಟು ಊದಿದ್ರೂ ಬರೀ ಹೊಗೆ, ಕಣ್ಣೀರು, ಅನ್ನ ಬೆಂದು ಇಳಿಸೋ ಹೊತ್ತಿಗೆ ಆ ಶಾಖಕ್ಕೇ ಸೌದೆ ಒಣಗಿ ಭಗ್ಗಂತ ಉರಿ ಬರುತ್ತೆ. ಅದಕ್ಕೇ ಒಲೆ ನೇರಕ್ಕೆ ಮೇಲೆ ಅಡಕೆ ದಬ್ಬೇನೋ ಬಿದಿರೋ ಸಂದು ಬಿಟ್ಟು ಹಾಸಿ ಅದರ ಮೇಲೆ ಸೌದೆ ಪೇರಿಸೋರು. ಸಂದಿಂದ ಬಿಸಿ, ಹೊಗೆ ಎರಡೂ ಏರಿ ಇವತ್ತಿನ ಅಡುಗೆ ಬೆಂಕೀಲೇ ನಾಳೆ ಸೌದೆ ಒಣಗೋದು, ಜೊತೆಗೆ ಹೊಗೆಗೆ ಹುಳ ಹಿಡಿಯಲ್ಲ ಅಂತ ಬೀಜದ ಕಾಯಿಗಳೂ ಅಲ್ಲೇ ಸೇರೋವು. ಸೌದೆ ಎಳೆದ್ರೆ ಇಲ್ಲಣ (ಮಸಿ ಅಂಟಿದ ಜೇಡರ ಬಲೆ) ತಲೆ ಮೇಲೆ ಉದುರೋದು, ಸ್ನಾನ ಆದ್ಮೇಲೆ ಅಟ್ಟಕ್ಕೆ ಕೈ ಹಾಕೋಕೆ ಯಾರೂ ಒಪ್ತಿರಲಿಲ್ಲ!

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಬಂತಲ್ಲ, ಅದರ ಚಿಮಣಿ ಹೊಗೇನ ಹೊರಗೆ ಕಳಿಸ್ತು. ಕಣ್ಣಿಗೆ, ಎದೆಗೆ ಒಳ್ಳೇದೇ ಆಯ್ತು, ಆದ್ರೆ ಒಲೆ ಮೇಲಿನ ಅಟ್ಟಕ್ಕೆ ಹೊಗೆ ತಪ್ತು. ಆಮೇಲೆ ಗ್ಯಾಸ್ ಬಂತು, ಅಲ್ಲಿಗೆ ಕೆಲಸಾನೇ ಹೋಯ್ತು. ಪದ ಮಾತ್ರ ಗಟ್ಟಿ, ಬೆಂಗಳೂರಿನ ಸಿಮೆಂಟ್ ಮನೇಲೂ ‘ಸೂಟ್‌ಕೇಸ್ ಅಟ್ಟದ ಮೇಲಿದೆ’ ಅಂತೀವಿ. ‘ಹೊಗಳಿ ಅಟ್ಟಕ್ಕೇರಿಸು’, ‘ಅಟ್ಟ ಹತ್ತಲಾರದವ ಬೆಟ್ಟ ಹತ್ತಿಯಾನೇ’ ಅನ್ನೋದೆಲ್ಲ ಈ ಅಟ್ಟಾನೇ. ಇನ್ನು ‘ನಾಯಿ ಅಟ್ಟಿಸಿಕೊಂಡು ಬಂತು’ ಅನ್ನೋದು ಮೂರನೇದು, ಓಡಿಸು ಅನ್ನೋ ಅರ್ಥದ ಅಟ್ಟು, ಅದನ್ನ ಇಲ್ಲಿಗೆ ಎಳೀಬೇಡಿ.

ಪ್ರಶ್ನೆ: ‘ಸೌದೆ ಒಟ್ಟು’ ಅಂತಾರಲ್ಲ, ಒಟ್ಟು ಅಂದ್ರೆ ಟೋಟಲ್ ಅಲ್ವಾ?
– ಓದುಗರು, ಮಂಡ್ಯ

ಉತ್ತರ: ಟೋಟಲ್ಲೂ ಹೌದು. ಆದ್ರೆ ಒಟ್ಟು ಅನ್ನೋ ಕ್ರಿಯಾಪದಕ್ಕೆ ಒಂದರ ಮೇಲೊಂದು ಪೇರಿಸು ಅಂತ ಅರ್ಥ. ಹಾಗೆ ಪೇರಿಸಿದ ರಾಶಿ ಒಟ್ಟು, ಒಟ್ಟಿಲು. ಲೆಕ್ಕದ ಒಟ್ಟು, ‘ಒಟ್ಟಿಗೆ ಹೋಗೋಣ’ ಅನ್ನೋದು ಎಲ್ಲಾ ಕೂಡಿ ಹಾಕೋದೇ ತಾನೇ. ಉತ್ತರ ಕರ್ನಾಟಕದ ಬಯಲು ಸೀಮೇಲಿ ಸೌದೆಗಿಂತ ಕುಳ್ಳು ಜಾಸ್ತಿ (ನೀವು ಬೆರಣಿ ಅಂತೀರಲ್ಲ ಅದೇ), ಅದನ್ನೂ ಒಟ್ಟಿ, ಮಳೆ ನೀರು ಇಳೀಬಾರದು ಅಂತ ಇಡೀ ರಾಶಿಗೆ ಮೇಲಿಂದ ಸಗಣಿ ಮೆತ್ತಿಬಿಡ್ತಾರೆ, ಬೇಕಾದಾಗ ಒಂದು ಮಗ್ಗುಲು ಒಡೆದು ಒಳಗಿಂದ ತೆಗೆಯೋದು. ಹೋಳಿ ಹತ್ರ ಬಂದ್ರೆ ಕಾಮಣ್ಣನ ಸುಡೋಕೆ ಹುಡುಗ್ರು ಮೊದಲು ಕೈ ಹಾಕೋದೂ ಇದಕ್ಕೇ, ಬೈಸ್ಕೊಂಡ್ರೂ ಬಿಡಲ್ಲ.

ನಿಮ್ಮೂರಲ್ಲಿ ಸೌದೆ, ಕುಳ್ಳು ಇಡೋ ಜಾಗಕ್ಕೆ ಬೇರೆ ಹೆಸರಿದ್ರೆ ಬರೀರಿ, ಜೊತೆಗೆ ಊರು, ತಾಲ್ಲೂಕು ಹಾಕೋದು ಮರೀಬೇಡಿ.