ಗೇಮಿಗೆ ಜಾಯಿನ್ ಆಗ್ತದೆ, ವಾಯ್ಸ್ ಮಾತ್ರ ಬರಲ್ಲ: ಮತ್ತೆ ಅದೇ ಪ್ರಶ್ನೆ

ಮೈನ್‌ಕ್ರಾಫ್ಟ್ ಸರ್ವರಿಗೆ ವಾಯ್ಸ್ ಚಾಟ್ ಹಾಕೋ ವಿಷಯದಲ್ಲಿ ನನಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಊರು ಬೇರೆ, ಹೆಸರು ಬೇರೆ, ತೊಂದರೆ ಅದೇ. ಉತ್ತರ ಹೇಳೋಕೆ ಬೇಜಾರಿಲ್ಲ, ಆದ್ರೆ ಕೇಳೋಕೆ ಮುಂಚೆನೇ ಯೂಟ್ಯೂಬಲ್ಲಿ ಯಾರೋ ಹೇಳಿದ್ರು ಅಂತ ಫೈರ್‌ವಾಲ್ ಆಫ್ ಮಾಡಿ, ರೌಟರಲ್ಲಿ ಇರೋ ಬರೋ ಪೋರ್ಟೆಲ್ಲ ತೆಗೆದು, ಎಲ್ಲಿಂದಲೋ ಬಂದ ಮಾಡಿನ ಜಾರ್ ಫೈಲ್ ಹಾಕಿ, ಎಲ್ಲ ಗಬ್ಬೆಬ್ಬಿಸಿಕೊಂಡ ಮೇಲೆ ಬರ್ತಾರಲ್ಲ, ಅದಕ್ಕೆ ಸಿಟ್ಟು ಬರ್ತದೆ. ಸರ್ವರ್ ಅಂದ್ರೆ ಏನು, ಮಾಡ್ ಹಾಕೋದು ಹೇಗೆ ಅಂತೆಲ್ಲ ಇಲ್ಲಿ ಹೇಳಲ್ಲ. ಅಷ್ಟು ಗೊತ್ತಿರೋರೇ ಓದ್ತಾ ಇದೀರಿ ಅಂದ್ಕೊಂಡು ಶುರು ಮಾಡ್ತೀನಿ.

ಮೊಬೈಲಲ್ಲಿ ಆಡ್ತೀನಿ, ಸಿಂಪಲ್ ವಾಯ್ಸ್ ಚಾಟ್ ಹಾಕೋದು ಹೇಗೆ? (ಕೊಪ್ಪದಿಂದ)

ಆಗಲ್ಲ. ಅದು ಪಿಸಿಯ ಜಾವಾ ಎಡಿಶನ್ನಲ್ಲಿ ಆಟದೊಳಗೇ ಮಾತಾಡೋಕೆ ಹಾಕೋ ಮಾಡ್, ಮೊಬೈಲಲ್ಲಿರೋದು ಬೆಡ್‌ರಾಕ್ ಅನ್ನೋ ಬೇರೆ ಎಡಿಶನ್. ಸರ್ವರಿಗೆ ಗೀಸರ್ ಅನ್ನೋ ಪ್ಲಗಿನ್ ಹಾಕಿದ್ರೆ ಮೊಬೈಲಿಂದ ಜಾವಾ ಸರ್ವರ್ ಒಳಗೆ ಬರಬಹುದು, ಆಟ ಆಡಬಹುದು, ಆದ್ರೆ ಈ ಮಾಡಿನ ವಾಯ್ಸ್ ಆ ದಾರೀಲಿ ಬರಲ್ಲ. ಬರ್ತದೆ ಅಂತ ಎಪಿಕೆ ಕೊಡೋರನ್ನ ನಂಬಬೇಡಿ.

ಸಾಗರದ ಹತ್ತಿರ ನಮ್ಮ ಹಳ್ಳಿ, ಮನೆಗೆ ಫೈಬರ್ ಇದೆ. ನಮ್ಮ ಪಿಸಿಯಲ್ಲೇ ಪೇಪರ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಹಾಕಿದೀನಿ. ಹೊರಗಿನವರು ಪಿಸಿಗೆ ಬರ್ಲಿ ಅಂತ ರೌಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಅವರಿಗೆ ಸಿಗ್ಲಿಲ್ಲ, ಅದಕ್ಕೆ ಬೇರೆ ಕಡೆಯಿಂದ ದಾರಿ ಮಾಡಿಕೊಡೋ ಎನ್‌ಗ್ರಾಕ್ ಅನ್ನೋ ಟನಲ್ ಹಾಕ್ದೆ, ಈಗ ಎಲ್ಲಾರೂ ಜಾಯಿನ್ ಆಗ್ತಾರೆ. ಆದ್ರೆ ವಾಯ್ಸ್ ಕನೆಕ್ಟ್ ಆಗಿಲ್ಲ ಅನ್ನೋ ಚಿಹ್ನೆ ಹೋಗೋದೇ ಇಲ್ಲ. ನನ್ನ ತಮ್ಮ ಪಕ್ಕದ ರೂಮಿಂದ ಆಡಿದ್ರೆ ಅವನಿಗೆ ಮಾತ್ರ ಕೇಳ್ತದೆ. ಮಾಡನ್ನ ತೆಗೆದು ತೆಗೆದು ಹಾಕಿ ಸಾಕಾಯ್ತು ಸಾರ್.

ತಮ್ಮನಿಗೆ ಕೇಳ್ತದೆ ಅಂತ ಬರೆದಿದ್ದೀಯಲ್ಲ ಮಾರಾಯ, ಉತ್ತರ ಅಲ್ಲೇ ಇದೆ. ಒಂದೇ ರೌಟರಿನ ಒಳಗೆ ವಾಯ್ಸ್ ಓಡ್ತಾ ಇದೆ ಅಂದ್ರೆ ಮಾಡ್ ಸರಿ ಇದೆ, ವರ್ಶನ್ ಸರಿ ಇದೆ, ಪಿಸಿಯ ಫೈರ್‌ವಾಲೂ ಅಡ್ಡ ಬರ್ತಿಲ್ಲ. ಹೊರಗಿನಿಂದ ಬರೋ ದಾರಿ ಒಂದು ಮುಚ್ಚಿದೆ ಅಷ್ಟೇ. ಹಾಗಾಗಿ ಇನ್ನು ಆ ಮಾಡನ್ನ ತೆಗೆದು ಹಾಕೋದು ನಿಲ್ಸು, ಅದರಲ್ಲಿ ತಪ್ಪಿಲ್ಲ.

ಆಟ ಮತ್ತು ದನಿ ಒಂದೇ ದಾರೀಲಿ ಬರಲ್ಲ, ಇದನ್ನ ತಲೆಗೆ ಹಾಕ್ಕೊಂಡ್ರೆ ಅರ್ಧ ಸಮಸ್ಯೆ ಮುಗೀತು. ಟಿಸಿಪಿ, ಯುಡಿಪಿ ಅಂದ್ರೆ ನೆಟ್ಟಲ್ಲಿ ಡೇಟಾ ಸಾಗಿಸೋ ಎರಡು ಬಗೆ, ಪೋರ್ಟ್ ಅಂದ್ರೆ ಬಾಗಿಲಿನ ನಂಬರು. ಜಾವಾ ಮೈನ್‌ಕ್ರಾಫ್ಟ್ ಟಿಸಿಪಿಯಲ್ಲಿ 25565 ಪೋರ್ಟಿಗೆ ಬರ್ತದೆ. ಸಿಂಪಲ್ ವಾಯ್ಸ್ ಚಾಟ್ ತನಗೆ ಅಂತಲೇ ಯುಡಿಪಿಯಲ್ಲಿ 24454 ಪೋರ್ಟ್ ಇಟ್ಕೊಳ್ತದೆ. ನೀನು ಮಾಡಿರೋದು ಮುಂಬಾಗಿಲು ತೆಗೆದಿಟ್ಟು ಹಿತ್ಲಬಾಗಿಲಿಗೆ ಚಿಲಕ ಹಾಕಿದ ಹಾಗೆ. ಎನ್‌ಗ್ರಾಕ್ ಯುಡಿಪಿ ಸಾಗಿಸೋದೇ ಇಲ್ಲ, ಅದರದ್ದು ಟಿಸಿಪಿ ಮತ್ತು ವೆಬ್ ಮಾತ್ರ, ಹಾಗಾಗಿ ಅದರಲ್ಲಿ ಆಟ ಸಲೀಸಾಗಿ ಬರ್ತದೆ, ವಾಯ್ಸ್ ಯಾವತ್ತೂ ಬರಲ್ಲ, ನೀನು ಏನು ಸೆಟ್ಟಿಂಗ್ ಬದಲಿಸಿದ್ರೂ ಬರಲ್ಲ.

ಹಂಗಾದ್ರೆ ವಾಯ್ಸನ್ನೂ ಟಿಸಿಪಿಯಲ್ಲೇ ಕಳಿಸಬಹುದಿತ್ತಲ್ಲ ಅಂತ ಕೇಳ್ತಾರೆ. ಈ ಮಾಡ್ ಮಾತನ್ನ ಸಣ್ಣ ಸಣ್ಣ ತುಂಡು ಮಾಡಿ ಓಪಸ್ ಕೊಡೆಕ್ಕಲ್ಲಿ ಅದುಮಿ ಕಳಿಸ್ತದೆ, ಒಂದೊಂದು ತುಂಡು 20 ಮಿಲಿಸೆಕೆಂಡು, ಅಂದ್ರೆ ಸೆಕೆಂಡಿಗೆ 50. ಟಿಸಿಪಿಯಲ್ಲಿ ಒಂದು ತುಂಡು ಕಳೆದು ಹೋದ್ರೆ ಅದು ಮತ್ತೆ ಬರೋವರೆಗೂ ಅದರ ನಂತರದವೆಲ್ಲ ಕಾಯ್ತಾ ನಿಲ್ತಾವೆ, ಆಮೇಲೆ ಎಲ್ಲ ಒಟ್ಟಿಗೆ ಬಂದು ಬೀಳ್ತಾವೆ. ಬ್ಲಾಕ್ ಒಡೆದದ್ದು ಅರ್ಧ ಸೆಕೆಂಡ್ ತಡವಾಗಿ ಕಂಡ್ರೂ ಪರವಾಗಿಲ್ಲ, ಮಾತು ಹಂಗೆ ಬಂದ್ರೆ ಯಾರಿಗೆ ಬೇಕು? ಯುಡಿಪಿಯಲ್ಲಿ ಹೋದ ತುಂಡು ಹೋಯ್ತು, ಮುಂದಿನದು ಬರ್ತದೆ, ಕಿವಿಗೆ ಒಂಚೂರು ಕಟ್ ಆದ ಹಾಗೆ ಅನ್ನಿಸ್ತದೆ, ಅಷ್ಟೇ.

ಈಗ ನೀನು ಮೊದಲು ಮಾಡಿದ ಪೋರ್ಟ್ ಫಾರ್ವರ್ಡ್ ಯಾಕೆ ಕೆಲಸ ಮಾಡ್ಲಿಲ್ಲ ಅಂತ ನೋಡು. ರೌಟರ್ ಪೇಜಿಗೆ ಹೋಗಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ನಿನ್ನ ರೌಟರಿಗೆ ಕೊಟ್ಟ ಅಡ್ರೆಸ್ಸು) ಅಂತ ಇರೋದನ್ನ ಒಂದು ಚೀಟಿಯಲ್ಲಿ ಬರ್ಕೊ. ಆಮೇಲೆ ಬ್ರೌಸರಲ್ಲಿ ನನ್ನ ಐಪಿ ಯಾವುದು ಅಂತ ಹುಡುಕು. ಎರಡೂ ಒಂದೇ ಇದ್ರೆ ಫಾರ್ವರ್ಡ್ ಮಾಡಿದ್ರೆ ಆಗ್ತದೆ, ಆದ್ರೆ 24454 ಕ್ಕೆ ಯುಡಿಪಿ ಅಂತ ಬೇರೆ ರೂಲ್ ಹಾಕ್ಬೇಕು, ಟಿಸಿಪಿ ರೂಲ್ ಹಾಕಿ ಕೂತ್ರೆ ಆಗಲ್ಲ, ಇಲ್ಲೇ ತುಂಬ ಜನ ಎಡವೋದು. ಎರಡು ನಂಬರೂ ಬೇರೆ ಬೇರೆ ಇದ್ರೆ, ಅದರಲ್ಲೂ ರೌಟರಿನದು 100.64 ರಿಂದ 100.127 ರ ಒಳಗೆ ಶುರುವಾದ್ರೆ, ನೀನು ಸಿಜಿನ್ಯಾಟ್ ಹಿಂದೆ ಇದ್ದೀಯ ಅಂತ ಅರ್ಥ. ಐಪಿವಿ4 ಅಡ್ರೆಸ್ಸುಗಳು ಸಾಲದೆ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನ ಎಷ್ಟೋ ಮನೆಗಳಿಗೆ ಹಂಚಿರ್ತಾರೆ. ಹೊರಗಿನಿಂದ ಬಂದ ಪ್ಯಾಕೆಟ್ ನಿನ್ನ ರೌಟರ್ ಹತ್ರ ಬರೋದೇ ಇಲ್ಲ, ಕಂಪನಿಯ ಪೆಟ್ಟಿಗೆಯಲ್ಲೇ ಬಿದ್ದೋಗ್ತದೆ. ಹಿಂಗಿದ್ದಾಗ ನಿನ್ನ ರೌಟರಲ್ಲಿ ಸಾವಿರ ಪೋರ್ಟ್ ತೆಗೆದ್ರೂ ಉಪಯೋಗ ಇಲ್ಲ. ಇದನ್ನ ಎರಡು ನಿಮಿಷ ನೋಡದೆ ವಾರಗಟ್ಲೆ ರೌಟರ್ ಜೊತೆ ಗುದ್ದಾಡ್ತಾರೆ ಜನ.

ದಾರಿ ಮೂರು. ಒಂದು, ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಬೇಕು ಅಂತ ಕೇಳೋದು, ಕೆಲವರು ತಿಂಗಳಿಗೆ ಇಷ್ಟು ಅಂತ ತಗೊಂಡು ಕೊಡ್ತಾರೆ, ಕೆಲವರಿಗೆ ನೀವು ಏನು ಕೇಳ್ತಿದ್ದೀರಿ ಅಂತಲೇ ಅರ್ಥ ಆಗಲ್ಲ. ಎರಡು, ಯುಡಿಪಿ ಸಾಗಿಸೋ ಟನಲ್ ಹಾಕೋದು. ಪ್ಲೇಇಟ್ ಅನ್ನೋದು ಯುಡಿಪಿ ಕೊಡ್ತದೆ. ಆದ್ರೆ ಅಲ್ಲೂ ಆಟಕ್ಕೊಂದು ಟನಲ್, ವಾಯ್ಸಿಗೊಂದು ಟನಲ್ ಅಂತ ಎರಡು ಮಾಡ್ಬೇಕು, ವಾಯ್ಸ್ ಟನಲ್ಲಿಗೆ ಸಿಗೋ ಅಡ್ರೆಸ್ಸನ್ನ ಪೋರ್ಟ್ ನಂಬರ್ ಸಮೇತ ವಾಯ್ಸ್ ಚಾಟಿನ ಸರ್ವರ್ ಪ್ರಾಪರ್ಟೀಸ್ ಫೈಲಲ್ಲಿ ವಾಯ್ಸ್ ಹೋಸ್ಟ್ ಅನ್ನೋ ಸಾಲಿನ ಮುಂದೆ ಬರೆದು ಸರ್ವರ್ ರೀಸ್ಟಾರ್ಟ್ ಮಾಡ್ಬೇಕು. ಪೇಪರಲ್ಲಿ ಆ ಫೈಲು ಪ್ಲಗಿನ್ಸ್ ಫೋಲ್ಡರ್ ಒಳಗೆ ವಾಯ್ಸ್‌ಚಾಟ್ ಫೋಲ್ಡರಲ್ಲಿ ಇರ್ತದೆ. ಆ ಸಾಲು ಖಾಲಿ ಬಿಟ್ರೆ ಗೆಳೆಯರ ಗೇಮು ಆಟದ ಅಡ್ರೆಸ್ಸಿಗೇ ಹೋಗಿ 24454 ಅನ್ನ ಹುಡುಕ್ತದೆ, ಅಲ್ಲಿ ಏನೂ ಇರಲ್ಲ, ಮತ್ತೆ ಅದೇ ಚಿಹ್ನೆ, ಮತ್ತೆ ನನಗೆ ಅದೇ ಪ್ರಶ್ನೆ.

ಮೂರನೇದು ಮುಂಬೈ ಡೇಟಾ ಸೆಂಟರಲ್ಲಿ ಒಂದು ಸಣ್ಣ ವಿಪಿಎಸ್, ಅಂದ್ರೆ ಅಲ್ಲಿನ ಕಂಪ್ಯೂಟರಿನ ಒಂದು ಪಾಲು, ಬಾಡಿಗೆಗೆ ತಗೊಳ್ಳೋದು. ನಾನು ಹೇಳೋದು ಇದನ್ನೇ. ನಾಲ್ಕೈದು ಜನ ಗೆಳೆಯರು ದುಡ್ಡು ಹಂಚ್ಕೊಂಡ್ರೆ ದೊಡ್ಡ ಭಾರ ಅಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟು ಹೋಗ್ತದೆ, ಜೊತೆಗೆ ಫೈಬರೂ ಕಟ್ಟಾಗ್ತದೆ, ಲೈನ್‌ಮನ್ ಘಾಟಿ ಹತ್ತಿ ಬರೋವರೆಗೆ ಸರ್ವರ್ ಸತ್ತಂಗೆ, ಮಧ್ಯದಲ್ಲಿ ಪಿಸಿ ದಢಕ್ಕಂತ ಆಫಾದ್ರೆ ವರ್ಲ್ಡ್ ಫೈಲ್ ಕೆಡೋದೂ ಉಂಟು. ಇನ್ನೊಂದು, ಮನೇಲಿ ಸರ್ವರ್ ಇಟ್ಟು ಅಪರಿಚಿತರಿಗೆ ಮನೆಯ ಐಪಿ ಕೊಡೋದು ನನಗೆ ಇಷ್ಟ ಇಲ್ಲ, ಆಟದಲ್ಲಿ ಜಗಳ ಆದ್ರೆ ಆ ಐಪಿಗೆ ಟ್ರಾಫಿಕ್ ಸುರಿದು ಮನೆಯ ನೆಟ್ಟೇ ಮಲಗಿಸೋ ಹುಡುಗರು ಇದಾರೆ. ವಿಪಿಎಸ್ ತಗೊಂಡಾಗ ಒಂದು ನೆನಪಿರ್ಲಿ, ಅಲ್ಲಿ ಮಶೀನ್ ಒಳಗಿನ ಫೈರ್‌ವಾಲ್ ಬೇರೆ, ಕಂಪನಿಯ ಕಂಟ್ರೋಲ್ ಪ್ಯಾನೆಲ್ಲಲ್ಲಿರೋ ಫೈರ್‌ವಾಲ್ ಬೇರೆ, ಎರಡರಲ್ಲೂ ಯುಡಿಪಿ 24454 ಬಿಡ್ಬೇಕು.

ಬೇರೆ ಪೋರ್ಟ್ ಕೊಡದೇ ಇರೋ ಅಗ್ಗದ ಹೋಸ್ಟಿಂಗ್ ಆದ್ರೆ ವಾಯ್ಸ್ ಚಾಟಿನ ಅದೇ ಪ್ರಾಪರ್ಟೀಸ್ ಫೈಲಲ್ಲಿ ಪೋರ್ಟ್ ಅನ್ನೋ ಕಡೆ ಮೈನಸ್ 1 ಹಾಕಿದ್ರೆ ಆಟದ ಪೋರ್ಟ್ ನಂಬರನ್ನೇ ಯುಡಿಪಿಯಲ್ಲಿ ಬಳಸ್ತದೆ. ಆಗ ಸರ್ವರಿನ ಕ್ವೆರಿ (ಹೊರಗಿನವರು ಕೇಳಿದ್ರೆ ಸರ್ವರಿನ ಮಾಹಿತಿ ಹೇಳೋ ಸೆಟ್ಟಿಂಗ್) ಆಫ್ ಇರ್ಲಿ, ಅದೂ ಯುಡಿಪಿಯಲ್ಲಿ ಅದೇ ನಂಬರಿಗೆ ಕೂರ್ತದೆ.

ಆಯ್ತಾ ಇಲ್ವಾ ಅಂತ ನೋಡೋಕೆ ಪೋರ್ಟ್ ಚೆಕರ್ ವೆಬ್‌ಸೈಟಿಗೆ ಹೋಗ್ಬೇಡಿ. ಅವುಗಳಲ್ಲಿ ಹೆಚ್ಚಿನವು ಟಿಸಿಪಿ ಮಾತ್ರ ನೋಡ್ತಾವೆ, ನಿಮ್ಮ ವಾಯ್ಸ್ ಚೆನ್ನಾಗಿ ಓಡ್ತಿದ್ರೂ ಕ್ಲೋಸ್ಡ್ ಅಂತ ಕೆಂಪಕ್ಷರದಲ್ಲಿ ತೋರಿಸ್ತಾವೆ, ಅದನ್ನ ನೋಡಿ ಸರಿ ಇದ್ದದ್ದನ್ನೂ ಕೆಡಿಸ್ಕೊಂಡವರಿದ್ದಾರೆ. ಗೆಳೆಯ ಆಟದೊಳಗೆ ಇರುವಾಗ ವಾಯ್ಸ್‌ಚಾಟ್ ಟೆಸ್ಟ್ ಅನ್ನೋ ಕಮಾಂಡ್ ಕೊಟ್ಟು ಅವನ ಹೆಸರು ಹಾಕಿ, ದಾರಿ ತೆರೆದಿದೆಯಾ ಇಲ್ವಾ ಅಂತ ಅಲ್ಲೇ ಹೇಳ್ತದೆ. ಒಬ್ಬನಿಗೆ ಮಾತ್ರ ಬರ್ತಿಲ್ಲ, ಉಳಿದವರಿಗೆಲ್ಲ ಬರ್ತದೆ ಅಂದ್ರೆ ತೊಂದರೆ ಅವನ ಕಡೆ. ಹಾಸ್ಟೆಲ್ ಅಥವಾ ಕಾಲೇಜ್ ವೈಫೈಯಲ್ಲಿ ಯುಡಿಪಿ ಬ್ಲಾಕ್ ಮಾಡಿರೋದುಂಟು, ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡೋಕೆ ಹೇಳಿ, ಬಂದ್ರೆ ಸರ್ವರ್ ಮುಟ್ಟೋಕೆ ಹೋಗ್ಬೇಡಿ.

ಇನ್ನು ಮನೆಮದ್ದು ಹೇಳೋರ ವಿಷಯ. ರ್‍ಯಾಮ್ ಜಾಸ್ತಿ ಕೊಟ್ರೆ ಈ ಚಿಹ್ನೆ ಹೋಗಲ್ಲ. ಡಿಎನ್‌ಎಸ್ ಬದಲಿಸಿದ್ರೆ ಹೋಗಲ್ಲ. ಪಿಂಗ್ ಬೂಸ್ಟರ್ ಅಂತ ದುಡ್ಡು ಕೇಳೋ ಆಪ್‌ಗಳು ಮುಚ್ಚಿದ ಪೋರ್ಟನ್ನ ತೆಗೆಯಲ್ಲ. ಪಿಸಿಯನ್ನ ರೌಟರಿನ ಡಿಎಂಝಡ್‌ಗೆ (ಎಲ್ಲ ಪೋರ್ಟನ್ನೂ ಒಂದೇ ಪಿಸಿಗೆ ಬಿಡೋ ಸೆಟ್ಟಿಂಗ್) ಹಾಕಿ ಅನ್ನೋನು ನಿಮ್ಮ ಇಡೀ ಪಿಸಿಯನ್ನ ಬೀದಿಗೆ ತಂದು ನಿಲ್ಲಿಸ್ತಾನೆ, ಮತ್ತೆ ಸಿಜಿನ್ಯಾಟ್ ಇದ್ರೆ ಅದರಿಂದ ಲಾಭವೂ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಟೆಲಿಗ್ರಾಮಲ್ಲಿ ಹಂಚೋ ವಾಯ್ಸ್ ಫಿಕ್ಸ್ ಜಾರ್ ಫೈಲು. 2023 ರ ಜೂನಲ್ಲಿ ಫ್ರಾಕ್ಚರೈಸರ್ ಅನ್ನೋ ಮಾಲ್‌ವೇರ್ ಕರ್ಸ್‌ಫೋರ್ಜ್, ಬಕ್ಕಿಟ್ ಅಂಥ ಹೆಸರಾಂತ ಜಾಗದ ಮಾಡ್‌ಗಳ ಒಳಗೇ ಸೇರ್ಕೊಂಡು ಬ್ರೌಸರ್ ಕುಕ್ಕಿ, ಡಿಸ್ಕಾರ್ಡ್ ಮತ್ತು ಮೈಕ್ರೋಸಾಫ್ಟ್ ಲಾಗಿನ್ ಕದೀತು. ಅಂಥಾ ಜಾಗದಲ್ಲೇ ಹಿಂಗಾಗಿರುವಾಗ ಹೆಸರು ಗೊತ್ತಿಲ್ಲದವನ ಜಾರನ್ನ ಅಪ್ಪನ ಬ್ಯಾಂಕಿಂಗ್ ಇರೋ ಪಿಸಿಯಲ್ಲಿ ಓಡಿಸ್ತೀರಲ್ಲ, ಎಂತ ಹೇಳ್ಬೇಕು ನಿಮಗೆ?

ಹತ್ತು ಜನ ಒಟ್ಟಿಗೆ ಮಾತಾಡಿದ್ರೆ ದನಿ ಒಡೀತದೆ, ಸರ್ವರ್ ಹಾಟ್‌ಸ್ಪಾಟ್ ಮೇಲಿದೆ. (ಹೊಸನಗರದಿಂದ)

ಅಪ್‌ಲೋಡ್ ಸಾಲ್ತಿಲ್ಲ. ಹತ್ತೂ ಜನ ಒಂದೇ ಕಡೆ ನಿಂತು ಒಟ್ಟಿಗೆ ಕಿರುಚಿದ್ರೆ ಒಬ್ಬೊಬ್ಬರಿಗೆ 9 ದನಿ, ಒಟ್ಟು 90 ದನಿ ಸರ್ವರಿಂದ ಹೊರಗೆ ಹೋಗ್ಬೇಕು. ಒಂದಕ್ಕೆ 40 ಕೆಬಿಪಿಎಸ್ ಅಂತ ಹಿಡಿದ್ರೆ 3.6 ಎಂಬಿಪಿಎಸ್ ಅಪ್‌ಲೋಡ್ ಬರೀ ವಾಯ್ಸಿಗೇ. ದೂರ ದೂರ ಇದ್ರೆ ಇಷ್ಟು ಬೇಡ, ಯಾಕಂದ್ರೆ ಮೊದಲಿನಿಂದ ಇರೋ ಸೆಟ್ಟಿಂಗಲ್ಲಿ 48 ಬ್ಲಾಕ್ ಆಚೆ ಇರೋರಿಗೆ ಅದು ದನಿ ಕಳಿಸೋದೇ ಇಲ್ಲ. ಹಾಟ್‌ಸ್ಪಾಟ್ ಬಿಡಿ.

ತೀರ್ಥಹಳ್ಳಿ ಕಡೆ ತಗಡಿನ ಮಾಡಿನ ಮನೆ ನಮ್ದು. ಮಳೆ ಬಂದ್ರೆ ಎಲ್ಲರ ಕಿವಿಗೂ ಬರೀ ಮಳೆ ಸದ್ದು ಹೋಗಿ ಬೈತಾರೆ. ದುಬಾರಿ ಮೈಕ್ ತಗೋಬೇಕಾ?

ಬೇಡ. ಮೈಕನ್ನ ವಾಯ್ಸ್ ಆಕ್ಟಿವೇಶನ್ನಲ್ಲಿ ಇಟ್ಟಿದ್ದೀರಿ, ತಗಡಿನ ಮೇಲೆ ಬೀಳೋ ಮಳೆ ನಿಮ್ಮ ಮಾತಿಗಿಂತ ಜೋರು, ಹಾಗಾಗಿ ಅದು ಸುಮ್ನಾಗೋದೇ ಇಲ್ಲ. ವಿ ಒತ್ತಿ ಸೆಟ್ಟಿಂಗಿಗೆ ಹೋಗಿ ಪುಶ್ ಟು ಟಾಕ್‌ಗೆ ಬದಲಿಸಿ. ಅದಕ್ಕೆ ಕ್ಯಾಪ್ಸ್ ಲಾಕ್ ಕೊಟ್ಟಿರ್ತಾರೆ, ಓಡ್ತಾ ಒತ್ತೋಕೆ ಕಷ್ಟ ಅನ್ಸಿದ್ರೆ ಮೌಸಿನ ಸೈಡ್ ಬಟನ್ ಕೊಡಿ. ಅಲ್ಲೇ ಡಿನಾಯ್ಸರ್ ಆನ್ ಮಾಡಿ, ಮಳೆ ಫ್ಯಾನ್ ಥರ ಒಂದೇ ಸಮ ಬರೋ ಸದ್ದನ್ನ ಅದು ಚೆನ್ನಾಗಿ ತೆಗೀತದೆ, ನಾಯಿ ಬೊಗಳೋದು, ಟಿವಿಯ ಧಾರಾವಾಹಿ ಇವಕ್ಕೆ ಅಷ್ಟಾಗಿ ನಡೆಯಲ್ಲ. ಲ್ಯಾಪ್‌ಟಾಪ್ ಮೈಕ್ ಬಿಟ್ಟು ಇಯರ್‌ಫೋನಿನ ವೈರಲ್ಲಿರೋ ಮೈಕನ್ನ ಬಾಯಿಗೆ ಆದಷ್ಟು ಹತ್ರ ಅಂಗಿಗೆ ಕ್ಲಿಪ್ ಹಾಕಿ, ಅಷ್ಟರಲ್ಲೇ ಅರ್ಧ ಮಳೆ ಹೋಗ್ತದೆ.

ಆನ್‌ಲೈನ್ ಗೇಮ್ ಬ್ಯಾನ್ ಆಗಿದೆಯಂತೆ, ಸರ್ವರ್ ನಡೆಸಿದ್ರೆ ಕೇಸ್ ಆಗ್ತದಾ?

2025 ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧ ಮಾಡಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟನ. ಗೆಳೆಯರು ಸೇರಿ ಮನೆ ಕಟ್ಟೋ ಆಟ ಅದಲ್ಲ.

ವಾಯ್ಸ್ ಚೇಂಜರ್ ಹಾಕಿ ಹುಡುಗಿ ದನೀಲಿ ಮಾತಾಡೋದು ಹೇಗೆ?

ಇದಕ್ಕೆ ಉತ್ತರ ಕೊಡಲ್ಲ.

ಮಗನಿಗೆ 11 ವರ್ಷ. ಯಾವುದೋ ಸರ್ವರಲ್ಲಿ ದೊಡ್ಡವರ ದನಿ ಕೇಳ್ತದೆ, ಹೆದರಿಕೆ ಆಗ್ತದೆ. ಆಟನೇ ಬಿಡಿಸ್ಬೇಕಾ? (ಶಿವಮೊಗ್ಗದಿಂದ ಒಬ್ಬ ತಾಯಿ)

ಮೇಡಂ, ಈ ವಾರ ಬಂದದ್ದರಲ್ಲಿ ಸರಿಯಾದ ಪ್ರಶ್ನೆ ಇದು. ಆಟ ಬಿಡಿಸೋದು ಬೇಡ, ಆ ಸರ್ವರ್ ಬಿಡಿಸಿ. ಟೈಪ್ ಮಾಡಿದ ಚಾಟ್ ಸರ್ವರಿನ ಲಾಗಲ್ಲಿ ಉಳೀತದೆ, ವಾಯ್ಸ್ ತಾನಾಗೇ ಎಲ್ಲೂ ಉಳಿಯಲ್ಲ, ಯಾರು ಏನಂದ್ರು ಅಂತ ನಾಳೆ ತೋರಿಸೋಕೆ ಏನೂ ಇರಲ್ಲ. ಅದೇ ಹೊತ್ತಿಗೆ ಆಡ್ತಿರೋರು ಬೇಕಂದ್ರೆ ನಿಮ್ಮ ಮಗನ ದನಿ ರೆಕಾರ್ಡ್ ಮಾಡ್ಕೋಬಹುದು. ಮೇಲಾಗಿ ಪಾಸ್‌ವರ್ಡ್ ಹಾಕಿದ ಗ್ರೂಪ್ ಮಾಡ್ಕೊಂಡ್ರೆ ಅಲ್ಲಿ ಏನು ಮಾತು ನಡೀತದೆ ಅಂತ ಸರ್ವರಲ್ಲಿರೋ ಬೇರೆಯವರಿಗೆ ಕೇಳಲ್ಲ, ಬಾ ನಾವಿಬ್ರೇ ಗ್ರೂಪಲ್ಲಿ ಮಾತಾಡೋಣ ಅಂತ ಗುರುತಿಲ್ಲದ ದೊಡ್ಡವನೊಬ್ಬ ಕರೆದ್ರೆ ಅಲ್ಲೇ ಆಟ ಮುಚ್ಚಬೇಕು ಅಂತ ಮಗನಿಗೆ ಬಿಡಿಸಿ ಹೇಳಿ. ಕ್ಲಾಸಿನ ಮಕ್ಕಳಿಗೆ ಅಂತಲೇ ವೈಟ್‌ಲಿಸ್ಟ್ ಇರೋ ಸರ್ವರ್ ಮಾಡಿಸಿ, ಹೆಸರು ಸೇರಿಸಿದವರು ಮಾತ್ರ ಒಳಗೆ ಬರ್ತಾರೆ. ಆ ಸರ್ವರಿನ ವಾಯ್ಸ್ ಚಾಟ್ ಫೈಲಲ್ಲಿ ಅಲೌ ರೆಕಾರ್ಡಿಂಗ್ ಅನ್ನೋದನ್ನ ಫಾಲ್ಸ್ ಮಾಡಿಸಿ. ಮಗ ಹಜಾರದಲ್ಲಿ ಕೂತು ಸ್ಪೀಕರಲ್ಲಿ ಆಡ್ಲಿ, ಬಾಗಿಲು ಹಾಕಿ ಹೆಡ್‌ಫೋನ್ ಹಾಕ್ಕೊಂಡು ಬೇಡ. ಯಾರಾದ್ರೂ ಊರು, ಶಾಲೆ, ಫೋಟೋ ಕೇಳಿದ್ರೆ ಆ ಆಟಗಾರನ ಹೆಸರು, ಸರ್ವರ್ ಅಡ್ರೆಸ್ಸು, ಗಂಟೆ ಬರ್ಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಲ್ಲಿ ದೂರು ಕೊಡಿ, 1098 ಮಕ್ಕಳ ಸಹಾಯವಾಣಿಗೂ ಫೋನ್ ಮಾಡಬಹುದು. ಹೇಳಿದ್ರೆ ಅಮ್ಮ ಗೇಮ್ ಕಿತ್ಕೊಳ್ತಾಳೆ ಅನ್ನೋ ಭಯ ಇದ್ರೆ ಮಗ ಏನೂ ಹೇಳಲ್ಲ, ಹಾಗಾಗಿ ಮೊದಲ ಸಲ ಬಂದು ಹೇಳಿದಾಗ ಬೈಬೇಡಿ.

ಮುಂದಿನ ಪ್ರಶ್ನೆ ಕಳಿಸೋರು ಗೇಮ್ ವರ್ಶನ್, ಮಾಡ್ ವರ್ಶನ್, ಸರ್ವರ್ ಮನೇಲಿದೆಯೋ ಹೋಸ್ಟಿಂಗಲ್ಲಿದೆಯೋ, ಮನೇಲಿದ್ರೆ ರೌಟರಿನ ವ್ಯಾನ್ ಐಪಿಯ ಮೊದಲ ಎರಡು ನಂಬರು, ಇಷ್ಟನ್ನ ಬರೆದು ಕಳಿಸಿ. ಬರೀ ವಾಯ್ಸ್ ಬರ್ತಿಲ್ಲ ಸಾರ್ ಅಂತ ಕಳಿಸಿದ್ದಕ್ಕೆ ಇನ್ನು ಉತ್ತರ ಬರೆಯಲ್ಲ.