ಇಂಗ್ಲಿಷ್ ಆಮೇಲೆ ಬಂತು

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಕೊಲಂಬಿಯಾದ ಗಾಯಕಿ ಶಕೀರಾಳ ಹಳೆಯ ಸ್ಪ್ಯಾನಿಷ್ ಆಲ್ಬಮ್ ಒಂದನ್ನು ಬಹಳ ಹೊಗಳಿದ್ದೀರಿ. ಇಂಗ್ಲಿಷಿನಲ್ಲಿ ಹಾಡಿ, ಕುಣಿದು ಹೆಸರು ಮಾಡಿದ ಮೇಲೆ ತಾನೇ ಆಕೆಯ ಸ್ಪ್ಯಾನಿಷ್ ಹಾಡುಗಳಿಗೆ ಬೆಲೆ ಬಂದದ್ದು? ಒಂದು ಪದವೂ ಅರ್ಥವಾಗದ ಹಾಡನ್ನು ನಾವು ಯಾಕೆ ಕೇಳಬೇಕು?’

ಸಂಪಾದಕರ ಉತ್ತರ:

ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ, ಆಗಲಿಲ್ಲ. ಈ ಆಲ್ಬಮ್ ಅಂದರೆ ನನಗೆ ಅಷ್ಟು ಇಷ್ಟ.

ಮೊದಲು ಇಸವಿ ನೋಡೋಣ. ನಾವು ಹೊಗಳಿದ ಆಲ್ಬಮ್ ‘ದೊಂದೆ ಎಸ್ತಾನ್ ಲೋಸ್ ಲಾದ್ರೋನೆಸ್’ ಬಂದದ್ದು 1998ರಲ್ಲಿ. ‘ಕಳ್ಳರೆಲ್ಲಿ?’ ಎಂದು ಆ ಹೆಸರಿನ ಅರ್ಥ. ನೀವು ಹೇಳುವ ಇಂಗ್ಲಿಷ್ ಹಾಡುಗಳ ‘ಲಾಂಡ್ರಿ ಸರ್ವಿಸ್’ ಬಂದದ್ದು 2001ರಲ್ಲಿ. ಅಂದರೆ ಸ್ಪ್ಯಾನಿಷ್ ಮೊದಲು, ಇಂಗ್ಲಿಷ್ ಮೂರು ವರ್ಷದ ನಂತರ. ಅಷ್ಟು ಹೊತ್ತಿಗಾಗಲೇ ಲ್ಯಾಟಿನ್ ಅಮೆರಿಕದ ತುಂಬ ಆಕೆಯ ಹಾಡು ಓಡಾಡುತ್ತಿತ್ತು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಲ್ಯಾಟಿನ್ ಆಲ್ಬಮ್‌ಗಳ ಪಟ್ಟಿಯಲ್ಲಿ ಈ ಆಲ್ಬಮ್ ಮೊದಲ ಸ್ಥಾನಕ್ಕೆ ಏರಿತ್ತು. ಗ್ರ್ಯಾಮಿಗೂ ನಾಮನಿರ್ದೇಶನವಾಗಿತ್ತು, ಅದೂ ಲ್ಯಾಟಿನ್ ರಾಕ್ ವಿಭಾಗದಲ್ಲಿ. 1999ರಲ್ಲಿ ಕೊಲಂಬಿಯಾದ ನೊಬೆಲ್ ವಿಜೇತ ಕಾದಂಬರಿಕಾರ ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಆಕೆಯ ಬಗ್ಗೆ ಒಂದು ಲೇಖನವನ್ನೇ ಬರೆದರು. ಇಂಗ್ಲಿಷ್ ಆಲ್ಬಮ್ ಇನ್ನೂ ಹುಟ್ಟಿರಲಿಲ್ಲ.

ಆಲ್ಬಮ್ಮಿಗೆ ‘ಕಳ್ಳರೆಲ್ಲಿ?’ ಎಂಬ ಹೆಸರು ಬಂದ ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾದ ವಿಮಾನ ನಿಲ್ದಾಣದಲ್ಲಿ ಶಕೀರಾಳ ಪೆಟ್ಟಿಗೆ ಕಳುವಾಯಿತು. ಹೊಸ ಆಲ್ಬಮ್ಮಿಗೆಂದು ಬರೆದಿಟ್ಟ ಹಾಡುಗಳೆಲ್ಲ ಅದರೊಳಗಿದ್ದವು. ಹಿಂದಿನ ಆಲ್ಬಮ್ ‘ಪಿಯೆಸ್ ದೆಸ್ಕಾಲ್ಸೋಸ್’ ದೊಡ್ಡ ಯಶಸ್ಸು ಕಂಡಿತ್ತು. ಮುಂದಿನದಕ್ಕೆ ಜನ ಕಾಯುತ್ತಿದ್ದರು. ಕೈಯಲ್ಲಿ ಒಂದು ಹಾಳೆಯೂ ಇಲ್ಲ. ಮತ್ತೆ ಮೊದಲಿಂದ ಬರೆಯಬೇಕಾಯಿತು. ಹಾಗೆ ಕೂತು ಬರೆದಾಗ ಆಕೆಗೆ ಇಪ್ಪತ್ತು, ಇಪ್ಪತ್ತೊಂದು ವಯಸ್ಸು ಅಷ್ಟೆ. ರಕ್ಷಾಪುಟ ಸಿಕ್ಕರೆ ನೋಡಿ. ಆಕೆಯ ಅಂಗೈಗಳು ಮಸಿ ಬಳಿದಂತೆ ಕೊಳೆಯಾಗಿವೆ. ಕಳ್ಳರೆಲ್ಲಿ ಅಂತ ಕೇಳುವವಳೇ ತನ್ನ ಕೈಯನ್ನೂ ತೋರಿಸುತ್ತಿದ್ದಾಳೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಅರ್ಥವಾಗದೆ ಹೇಗೆ ಕೇಳುವುದು? ತ್ಯಾಗರಾಜರ ತೆಲುಗು ಕೃತಿಗಳನ್ನು ತೆಲುಗು ಬಾರದ ನಾವು ರಾಮನವಮಿ ಚಪ್ಪರದಲ್ಲಿ ಕೂತು ಕೇಳುವುದಿಲ್ಲವೇ? ಕಿವಿಗೆ ಅಭ್ಯಾಸ ಇದ್ದೇ ಇದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ ಅನ್ನುವುದು ನನ್ನ ಮನವಿ. ಈ ಆಲ್ಬಮ್ಮಿನಲ್ಲಿ ಮಾತೇ ಮುಖ್ಯ. ಹನ್ನೊಂದೇ ಹಾಡು. ಅರ್ಥ ಹುಡುಕಿಕೊಂಡು ಕೇಳಿದರೆ ಒಂದು ಭಾನುವಾರ ಸಾಕು.

‘ಇನೆವಿತಾಬ್ಲೆ’ ಹಾಡಿನ ಶುರುವಿನಲ್ಲೇ ಒಂದು ತಪ್ಪೊಪ್ಪಿಗೆ ಇದೆ. ನನಗೆ ಕಾಫಿ ಮಾಡಲು ಬರುವುದಿಲ್ಲ, ಫುಟ್‌ಬಾಲ್ ಅರ್ಥವಾಗುವುದಿಲ್ಲ ಅನ್ನುತ್ತಾಳೆ. ಹೇಳುತ್ತಿರುವವಳು ಕೊಲಂಬಿಯಾದ ಹುಡುಗಿ! ಕಾಫಿಯೂ ಫುಟ್‌ಬಾಲೂ ಆ ದೇಶದ ಉಸಿರು. ಹೀಗೆ ಸಣ್ಣ ಸಣ್ಣ ಸಂಗತಿ ಹೇಳುತ್ತಾ ಹೋಗಿ, ಬಿಟ್ಟು ಹೋದವನನ್ನು ಮರೆಯಲಾಗುತ್ತಿಲ್ಲ ಅನ್ನುವ ಕಡೆಗೆ ತಂದು ನಿಲ್ಲಿಸುತ್ತಾಳೆ. ಅಲ್ಲಿಯವರೆಗೆ ಮೆಲ್ಲಗಿದ್ದ ಗಿಟಾರು ಒಮ್ಮೆಲೇ ಅಬ್ಬರಿಸುತ್ತದೆ. ನನಗೆ ಇಡೀ ಆಲ್ಬಮ್ಮಿನಲ್ಲಿ ಜಾಸ್ತಿ ಇಷ್ಟವಾದ ಜಾಗ ಅದು. ‘ಒಕ್ತಾವೊ ದಿಯಾ’ದಲ್ಲಿ ಲೋಕ ಸೃಷ್ಟಿಸಿ ದಣಿದ ದೇವರು ಎಂಟನೇ ದಿನ ಸುತ್ತಾಡಿ ಬರಲು ಹೋಗುತ್ತಾನೆ. ವಾಪಸ್ ಬಂದು ನೋಡಿದರೆ ಎಲ್ಲ ಅಸ್ತವ್ಯಸ್ತ. ‘ನೊ ಕ್ರೆಯೊ’ದಲ್ಲಿ ಮಾರ್ಕ್ಸ್, ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಯಾರನ್ನೂ ನಂಬುವುದಿಲ್ಲ ಎಂದು ಪಟ್ಟಿ ಕೊಡುತ್ತಾಳೆ. ಪ್ರೇಮಗೀತೆಯೊಳಗೆ ಸಾರ್ತ್ರ್ ಬರುವುದು ಎಲ್ಲಿ ಕೇಳಿದ್ದೀರಿ?

ಕುಣಿತದ ಮಾತು. ಅದನ್ನು ಸುಮ್ನೆ ಥಳುಕು ಅಂದುಕೊಳ್ಳಬೇಡಿ. ಕೊಲಂಬಿಯಾದ ಕರಾವಳಿಯ ಬರ್ರಾಂಕಿಯಾ ಆಕೆಯ ಊರು. ಅರಬ್ ನಾಡುಗಳಿಂದ ಹಡಗಿನಲ್ಲಿ ಬಂದ ಕುಟುಂಬಗಳು ಆ ಕರಾವಳಿಯಲ್ಲಿ ನೆಲೆಯಾಗಿವೆ. ಆಕೆಯ ಅಪ್ಪನ ಕಡೆಯವರೂ ಲೆಬನಾನ್ ಮೂಲದವರು. ಆಲ್ಬಮ್ಮಿನ ಕೊನೆಯ ಹಾಡು ‘ಓಹೋಸ್ ಅಸೀ’ಯಲ್ಲಿ ಬಹರೇನಿನಿಂದ ಬೈರೂತಿನವರೆಗೆ ಅಲೆದರೂ ಅಂಥ ಕಣ್ಣು ಕಾಣಲಿಲ್ಲ ಎಂದು ಹಾಡುತ್ತಾ, ನಡುವೆ ಅರಬ್ಬಿಗೆ ಹೊರಳುತ್ತಾಳೆ. ಆ ಮಾತು, ಆ ತಾಳ, ಆ ಸೊಂಟದ ಕುಣಿತ ಎಲ್ಲ ಒಂದೇ ಮನೆಯವು. ಈ ಹಾಡಿಗೆ 2000ದಲ್ಲಿ, ಮೊಟ್ಟಮೊದಲ ಲ್ಯಾಟಿನ್ ಗ್ರ್ಯಾಮಿಯಲ್ಲಿ ಪ್ರಶಸ್ತಿ ಬಂತು.

ಮುಂದೆ ಇದೇ ಹಾಡನ್ನು ಇಂಗ್ಲಿಷಿಗೂ ತಂದರು, ‘ಲಾಂಡ್ರಿ ಸರ್ವಿಸ್’ನಲ್ಲಿದೆ. ಎರಡನ್ನೂ ಹಿಂದೆ ಮುಂದೆ ಇಟ್ಟು ಕೇಳಿ. ಇಂಗ್ಲಿಷಿನಲ್ಲಿ ರಾಗ ಅದೇ, ಆದರೆ ಪದಗಳು ತಾಳಕ್ಕೆ ಕೂರಲು ಒದ್ದಾಡುತ್ತವೆ. ನನ್ನ ಕಿವಿಗಂತೂ ಹಾಗೆ ಕೇಳುತ್ತದೆ.

ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ, ಒಪ್ಪುತ್ತೇನೆ. 1998ರ ಈ ಆಲ್ಬಮ್ ಎಲ್ಲ ಭಾಷೆಯ ಆಲ್ಬಮ್‌ಗಳೂ ಸೇರುವ ಬಿಲ್‌ಬೋರ್ಡಿನ ಮುಖ್ಯ ಪಟ್ಟಿಯಲ್ಲಿ ಮೊದಲ ನೂರರೊಳಗೆ ಬರಲಿಲ್ಲ. 2005ರಲ್ಲಿ ಬಂದ ‘ಫಿಹಾಸಿಯೊನ್ ಓರಲ್’ ಪೂರ್ತಿ ಸ್ಪ್ಯಾನಿಷ್. ಅದು ಅದೇ ಪಟ್ಟಿಗೆ ಮೊದಲ ವಾರವೇ ನಾಲ್ಕನೇ ಸ್ಥಾನದಲ್ಲಿ ಕಾಲಿಟ್ಟಿತು. ನಡುವೆ ಇಂಗ್ಲಿಷ್ ತಂದ ಹೆಸರು ಅಲ್ಲಿ ಕೆಲಸ ಮಾಡಿತು, ಅಲ್ವಾ? ಆದರೆ ಆ ಹೆಸರು ಬಂದ ಮೇಲೂ ಆಕೆ ವಾಪಸ್ ಹೋದದ್ದು ಸ್ಪ್ಯಾನಿಷಿಗೇ.

ಮೊದಲು ‘ಇನೆವಿತಾಬ್ಲೆ’ ಕೇಳಿ. ಹಿಡಿಸದಿದ್ದರೆ ಹಾಗೆಂದೇ ಬರೆಯಿರಿ, ಪ್ರಕಟಿಸುತ್ತೇವೆ.