ನಾಲ್ಕು ವರ್ಷದ ಕೆಲಸ ಒಂದೇ ಸಾಲಿನಲ್ಲಿ

ಕಾರ್ಕಳ ತಾಲೂಕಿನ ಓದುಗಿಯೊಬ್ಬರು ತಮ್ಮ ಬಯೋಡಾಟಾದ ಪ್ರತಿಯನ್ನೂ ಜತೆಗಿಟ್ಟು ಪತ್ರ ಬರೆದಿದ್ದಾರೆ. 2019ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಕಾಂ. ಮುಗಿಸಿ, ಆ ಆಗಸ್ಟ್‌ನಿಂದ 2023ರ ಮೇ ತನಕ ಮಂಗಳೂರಿನ ಆಡಿಟರ್ ಆಫೀಸೊಂದರಲ್ಲಿ ದುಡಿದವರು. ತಾಯಿಯ ಕಾಯಿಲೆಯಿಂದಾಗಿ ಹದಿನಾಲ್ಕು ತಿಂಗಳು ಮನೆಯಲ್ಲಿದ್ದರು. 2024ರ ಆಗಸ್ಟ್‌ನಿಂದ ಊರಿನ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಾರೆ. ಮಂಗಳೂರಿನ ಬೈಕಂಪಾಡಿ, ಪಣಂಬೂರು ಕಡೆಯ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದಾರೆ, ಒಂದು ಫೋನೂ ಬಂದಿಲ್ಲ. ಅವರು ಕೇಳಿದ್ದು: "ನನ್ನ ಬಯೋಡಾಟಾದಲ್ಲಿ ತಪ್ಪಿರುವುದು ಎಲ್ಲಿ? ಮಧ್ಯದ ಬಿಡುವನ್ನು ತೋರಿಸಬೇಕೇ, ಬೇಡವೇ? ಡಿಟಿಪಿ ಅಂಗಡಿಯವರು ಬಣ್ಣದ ಡಿಸೈನ್ ಮಾಡಿಸಿ ಅನ್ನುತ್ತಿದ್ದಾರೆ, ಮಾಡಿಸಲೇ?"

ಸಂಪಾದಕರ ಉತ್ತರ:

ನಿಮ್ಮ ಬಯೋಡಾಟಾಕ್ಕಿಂತ ನೀವು ನಮಗೆ ಬರೆದ ಪತ್ರವೇ ಹೆಚ್ಚು ಒಳ್ಳೆಯ ಬಯೋಡಾಟಾ. ಮೂರು ಪುಟಗಳ ಬಯೋಡಾಟಾದಲ್ಲಿ ನಿಮ್ಮ ನಾಲ್ಕು ವರ್ಷದ ಅನುಭವಕ್ಕೆ ಸಿಕ್ಕಿರುವುದು ಒಂದು ಸಾಲು: "ಅಕೌಂಟ್ಸ್ ಅಸಿಸ್ಟೆಂಟ್, ಆಡಿಟರ್ ಆಫೀಸ್, 3 ವರ್ಷ 10 ತಿಂಗಳು". ಅದೇ ಪತ್ರದಲ್ಲಿ ನೋಡಿ, ಬೇಸರದ ಭರದಲ್ಲಿ ನೀವು ಬರೆದಿದ್ದೀರಿ: "35 ಪಾರ್ಟಿಗಳ ಜಿಎಸ್‌ಟಿ ರಿಟರ್ನ್ ನಾನೇ ಹಾಕುತ್ತಿದ್ದೆ, ಗೇರುಬೀಜ ಫ್ಯಾಕ್ಟರಿಗಳ ರಿವರ್ಸ್ ಚಾರ್ಜ್ ಲೆಕ್ಕ ನನ್ನ ಮೇಜಿಗೇ ಬರುತ್ತಿತ್ತು." ಕೆಲಸ ಕೊಡುವವರು ಹುಡುಕುವುದು ಇದನ್ನು. ನೀವು ಅದನ್ನು ಅವರಿಗೆ ಹೇಳಿಯೇ ಇಲ್ಲ.

ಗೇರುಬೀಜದ ವಿಷಯವನ್ನೇ ಮೊದಲು ಹಿಡಿಯೋಣ. ಸಿಪ್ಪೆಸಮೇತ ಹಸಿ ಗೇರುಬೀಜವನ್ನು ಕೃಷಿಕರಿಂದ ಕೊಂಡರೆ ತೆರಿಗೆ ಕಟ್ಟುವ ಹೊಣೆ ಮಾರುವವರದಲ್ಲ, ಕೊಳ್ಳುವ ನೋಂದಾಯಿತ ಫ್ಯಾಕ್ಟರಿಯದು. ರಿವರ್ಸ್ ಚಾರ್ಜ್ ಎಂದರೆ ಇದೇ. ಅದಕ್ಕೆ ಫ್ಯಾಕ್ಟರಿಯೇ ತನ್ನ ಹೆಸರಿನಲ್ಲಿ ಇನ್‌ವಾಯ್ಸ್ ಮಾಡಿಕೊಳ್ಳಬೇಕು, ತೆರಿಗೆಯನ್ನು ಕ್ಯಾಶ್ ಲೆಡ್ಜರ್‌ನಿಂದಲೇ (ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ನಗದು ಖಾತೆ) ಕಟ್ಟಬೇಕು, ಆಮೇಲೆ ಅದರ ಕ್ರೆಡಿಟ್, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ಕಡಿತ, ತೆಗೆದುಕೊಳ್ಳಬೇಕು. ಹೊರದೇಶದಿಂದ ಬೀಜ ತರಿಸಿದರೆ ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ದಾಖಲೆ) ಕಟ್ಟಿದ ಐಜಿಎಸ್‌ಟಿ 2ಬಿಯಲ್ಲಿ (ಸಿಗಬೇಕಾದ ಕ್ರೆಡಿಟ್‌ನ ಬಗ್ಗೆ ಪೋರ್ಟಲ್ ತಾನೇ ಕೊಡುವ ಪಟ್ಟಿ) ಬಂದಿದೆಯೇ ಎಂದು ತಾಳೆ ನೋಡಬೇಕು. ಐಜಿಎಸ್‌ಟಿ ಕಟ್ಟದೆ ಗೋಡಂಬಿ ರಫ್ತು ಮಾಡುವವರಾದರೆ ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಹೊಸದಾಗಿ ಹಾಕಬೇಕು. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತ ಎಲ್ಲರಿಗೂ ಇದು ಗೊತ್ತಿರುವುದಿಲ್ಲ. ಗೇರು ಉದ್ಯಮವಿರುವ ಈ ಕರಾವಳಿಯಲ್ಲಿ ಇದು ಬೆಲೆಯುಳ್ಳ ಅನುಭವ. ಹಾಗಾಗಿ ಆಡಿಟರ್ ಆಫೀಸಿನ ಕೆಲಸವನ್ನು ಹೀಗೆ ಬರೆಯಿರಿ. ಬಯೋಡಾಟಾ ಇಂಗ್ಲಿಷಿನಲ್ಲೇ ಇರಲಿ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ:

"35 ಪಾರ್ಟಿಗಳ ಜಿಎಸ್‌ಟಿಆರ್-1 ಮತ್ತು 3ಬಿ ತಯಾರಿಸಿ ಸಲ್ಲಿಕೆ. ಖರೀದಿ ರಿಜಿಸ್ಟರನ್ನು 2ಬಿ ಜತೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳಿಗಾಗಿ ಸಪ್ಲೈಯರ್‌ಗಳನ್ನು ಸಂಪರ್ಕಿಸುವುದು. ಗೋಡಂಬಿ ಫ್ಯಾಕ್ಟರಿಗಳ ರಿವರ್ಸ್ ಚಾರ್ಜ್ ತೆರಿಗೆ ಲೆಕ್ಕ. ಟ್ಯಾಲಿ ಪ್ರೈಮ್‌ನಲ್ಲಿ ಬ್ಯಾಂಕ್ ರೀಕನ್ಸಿಲಿಯೇಷನ್‌ನಿಂದ ಟ್ರಯಲ್ ಬ್ಯಾಲೆನ್ಸ್‌ವರೆಗೆ."

ತಿಂಗಳು ತಿಂಗಳು ರಿಟರ್ನ್ ಹಾಕುವ ಪಾರ್ಟಿಗಳಿಗೆ ಮುಂದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನ. 2ಬಿ ಬರುವುದು 14ಕ್ಕೆ. ಅಂದರೆ ತಾಳೆ ನೋಡಲು ಸಿಗುವುದು ಆರೇ ದಿನ. ಆ ಆರು ದಿನದಲ್ಲಿ ಇಷ್ಟು ಪಾರ್ಟಿಗಳ ಲೆಕ್ಕ ಮುಗಿಸುವವರ ಕೈ ಎಷ್ಟು ಚುರುಕು ಎಂಬುದು ಇದೇ ಕೆಲಸ ಮಾಡಿದ ಮ್ಯಾನೇಜರಿಗೆ ಸಂಖ್ಯೆ ನೋಡಿದ ಕೂಡಲೇ ತಿಳಿಯುತ್ತದೆ. "ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್" ಎಂಬ ಮೂರು ಪದಗಳನ್ನು ಹೊಡೆದುಹಾಕಿ. ಪಾರ್ಟಿಗಳ ಹೆಸರು ಮಾತ್ರ ಬರೆಯಬೇಡಿ. ಅದು ಆಡಿಟರ್ ಆಫೀಸಿನ ಗುಟ್ಟು. ಗೋಡಂಬಿ ಫ್ಯಾಕ್ಟರಿ, ಹೋಟೆಲ್, ಪೆಟ್ರೋಲ್ ಬಂಕ್ ಎಂದು ಬಗೆ ಹೇಳಿದರೆ ಸಾಕು. ಹೆಸರು ಹಾಕಿದರೆ, ನಾಳೆ ನಮ್ಮ ಲೆಕ್ಕವನ್ನೂ ಇವರು ಹೊರಗೆ ಹೇಳಿಯಾರು ಎಂಬ ಅನುಮಾನ ಓದುವವರಿಗೆ ಬಂದೇ ಬರುತ್ತದೆ.

ಈಗಿನ ಅಂಗಡಿಯ ಕೆಲಸವನ್ನೂ ಹಾಗೆಯೇ ಬಿಡಿಸಿ ಬರೆಯಿರಿ. ತಿಂಗಳಿಗೆ ಸುಮಾರು 250 ಸೇಲ್ಸ್ ಬಿಲ್, 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್, ಬಾಕಿ ವಸೂಲಿಯ ಪಟ್ಟಿ ಎಂದು ಪತ್ರದಲ್ಲಿ ಹೇಳಿದ್ದೀರಿ. ಈ ಕೆಲಸ ಮೇಲೆ ಬರಲಿ, ಆಡಿಟರ್ ಆಫೀಸು ಅದರ ಕೆಳಗೆ, ಓದು ಕೊನೆಗೆ. ನಿಮ್ಮ ಪ್ರತಿಯಲ್ಲಿ ಎಸ್‌ಎಸ್‌ಎಲ್‌ಸಿಯಿಂದ ಶುರುವಾಗಿ ಅರ್ಧ ಪುಟ ಅಂಕಗಳ ಟೇಬಲ್ ಇದೆ. 2019ರಲ್ಲೇ ಡಿಗ್ರಿ ಮುಗಿಸಿದವರಿಗೆ ಓದಿಗೆ ಎರಡು ಸಾಲು ಸಾಕು: ಡಿಗ್ರಿ, ಕಾಲೇಜು, ವರ್ಷ, ಶೇಕಡಾ.

ತೆಗೆದುಹಾಕಬೇಕಾದದ್ದು ಬಹಳಷ್ಟಿದೆ. ತಂದೆಯ ಹೆಸರು, ಧರ್ಮ, ಜಾತಿ, ಮದುವೆ, ಎತ್ತರ, ಮನೆಯ ಪೂರ್ಣ ವಿಳಾಸ, ಹವ್ಯಾಸ, ಕೊನೆಯಲ್ಲಿ "ಮೇಲಿನ ವಿವರಗಳೆಲ್ಲ ಸತ್ಯ" ಎಂಬ ಘೋಷಣೆ ಮತ್ತು ಸಹಿ: ಖಾಸಗಿ ಕಂಪನಿಗೆ ಇವು ಯಾವುದೂ ಬೇಡ. ಇಷ್ಟು ಹೋದರೆ ನಿಮ್ಮ ಮೂರು ಪುಟ ತಾನಾಗಿಯೇ ಒಂದಾಗುತ್ತದೆ. ಮೇಲಿನ "ಆಬ್ಜೆಕ್ಟಿವ್" ಪ್ಯಾರಾದ ಜಾಗದಲ್ಲಿ ಮೂರು ಸಾಲಿನ ಪರಿಚಯ ಹಾಕಿ: ಎಷ್ಟು ವರ್ಷದ ಅನುಭವ, ಯಾವ ಕೆಲಸದಲ್ಲಿ ಪಳಗಿದ್ದೀರಿ, ಎಂಥ ಕೆಲಸ ಹುಡುಕುತ್ತಿದ್ದೀರಿ. ಹೆಸರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಮನೆತನದ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುವುದು ಸಾಮಾನ್ಯ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಇದೇ ತೊಡಕಾಗುತ್ತದೆ.

ವಿಳಾಸದ ಜಾಗದಲ್ಲಿ "ಕಾರ್ಕಳ, ಉಡುಪಿ ಜಿಲ್ಲೆ" ಎಂದಷ್ಟೇ ಬರೆದು, ಪಕ್ಕದಲ್ಲೇ "ಮಂಗಳೂರಿಗೆ ವಾಸ ಬದಲಿಸಲು ಸಿದ್ಧ" ಎಂದು ಸೇರಿಸಿ. ನೀವು ಪಿ.ಜಿ.ಯಲ್ಲಿ ಇರಲು ತಯಾರಿದ್ದೀರಿ ಎಂದು ನಮಗೆ ಹೇಳಿದ್ದೀರಿ, ಅವರಿಗೆ ಹೇಳಿಲ್ಲ. ಕಾರ್ಕಳದಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಿನಾ ಬಸ್ಸಿನಲ್ಲಿ ಬಂದು ಹೋಗುವವರು ತಿಂಗಳ ಕೊನೆಯಲ್ಲಿ ಸಂಜೆ ತಡವಾದರೆ ಏನು ಮಾಡುತ್ತಾರೆ ಎಂದು ಯೋಚಿಸಿಯೇ ಎಷ್ಟೋ ಕಡೆ ಬಯೋಡಾಟಾವನ್ನು ಬದಿಗಿಡುತ್ತಾರೆ.

ಭಾಷೆಗಳ ಸಾಲನ್ನು ಮಾತ್ರ ಉಳಿಸಿ, ಬೇಕಾದರೆ ಹಿಗ್ಗಿಸಿ. ತುಳು, ಕನ್ನಡ, ಕೊಂಕಣಿ, ಮಲಯಾಳ ನಿಮಗೆ ಬರುತ್ತದೆ. ಬಾಕಿ ವಸೂಲಿಗೆ ಬಂದರಿನ ವ್ಯಾಪಾರಿಗೋ ಕಾಸರಗೋಡಿನ ಪಾರ್ಟಿಗೋ ಫೋನ್ ಮಾಡಬೇಕಾದ ಆಫೀಸಿನಲ್ಲಿ ಇದು ನಿಜವಾದ ಅರ್ಹತೆ. ಮಾತು, ಓದು, ಬರವಣಿಗೆ ಎಂದು ಬೇರೆ ಬೇರೆ ತೋರಿಸಿ. ಮಲಯಾಳ ಮಾತಾಡಲು ಮಾತ್ರ ಬರುವುದಾದರೆ ಅಷ್ಟೇ ಹೇಳಿ.

ಇನ್ನು ಬಿಡುವಿನ ಪ್ರಶ್ನೆ. ಮುಚ್ಚಿಡಬೇಡಿ. "2019–2023", "2024–ಇಂದಿನವರೆಗೆ" ಎಂದು ಬರೀ ವರ್ಷ ಹಾಕಿ ತಿಂಗಳುಗಳನ್ನು ಮರೆಮಾಡುವ ಸಲಹೆ ನಿಮಗೆ ಯಾರೋ ಕೊಟ್ಟಿದ್ದಾರೆ. ಅದು ಕೆಟ್ಟ ಸಲಹೆ. ಪಿಎಫ್ ಇದ್ದ ಕೆಲಸವಾದರೆ ಸೇರಿದ, ಬಿಟ್ಟ ದಿನಾಂಕ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಖಾತೆಯಲ್ಲೇ ಇರುತ್ತದೆ. ನಿಮ್ಮ ಹಳೆಯ ಆಫೀಸಿನಲ್ಲಿ ಪಿಎಫ್ ಇರಲಿಲ್ಲ ಎಂದಿದ್ದೀರಿ. ಇಪ್ಪತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಅದು ಸಾಮಾನ್ಯವಾಗಿ ಕಡ್ಡಾಯವಲ್ಲ. ಹಾಗಿದ್ದಾಗ ಅನುಭವ ಪತ್ರವೇ ನಿಮ್ಮ ಆಧಾರ. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಸಹಿ, ಸೀಲು ಇರುವ ಪತ್ರವನ್ನು ಈಗಲೇ ಹೋಗಿ ಕೇಳಿ ಪಡೆಯಿರಿ. ಸಂಬಳ ಬ್ಯಾಂಕಿಗೆ ಬರುತ್ತಿತ್ತಾದರೆ ಆ ಸ್ಟೇಟ್‌ಮೆಂಟನ್ನೂ ತೆಗೆದಿಡಿ.

ಬಯೋಡಾಟಾದಲ್ಲಿ ಒಂದೇ ಸಾಲು: "2023 ಜೂನ್ – 2024 ಜುಲೈ: ಕುಟುಂಬದ ಆರೈಕೆಗಾಗಿ ಬಿಡುವು, ಈ ಅವಧಿಯಲ್ಲಿ ಎರಡು ಅಂಗಡಿಗಳ ಮಾಸಿಕ ಜಿಎಸ್‌ಟಿ ರಿಟರ್ನ್ ಮನೆಯಿಂದಲೇ ಸಲ್ಲಿಕೆ." ಎರಡನೆಯ ಭಾಗವನ್ನು ನೀವು ಪತ್ರದಲ್ಲಿ "ಸುಮ್ಮನೆ ಮಾಡಿಕೊಡುತ್ತಿದ್ದೆ" ಎಂದು ಬರೆದಿದ್ದೀರಿ. ಹಣ ಬಂದಿರಲಿ ಬಿಡಲಿ, ಅದು ಕೆಲಸ. ಕೈ ಬಿಟ್ಟುಹೋಗಿಲ್ಲ ಎಂಬುದಕ್ಕೆ ಪುರಾವೆಯೂ ಹೌದು. ತಾಯಿಯ ಕಾಯಿಲೆಯ ವಿವರ ಬೇಡ. ಸಂದರ್ಶನದಲ್ಲಿ ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ, ಈಗ ಅವರ ಆರೈಕೆಗೆ ಏನು ವ್ಯವಸ್ಥೆ ಇದೆ ಎಂಬುದನ್ನೂ ಸೇರಿಸಿ.

ಬಣ್ಣದ ಡಿಸೈನ್ ಖಂಡಿತ ಬೇಡ. ನೀವು ಕಳಿಸಿದ ಫೈಲನ್ನು ತೆರೆದು ನೋಡಿದೆವು. ಡಿಟಿಪಿಯವರು ಪುಟವನ್ನು ಚಿತ್ರವಾಗಿ ಮಾಡಿ ಪಿಡಿಎಫ್‌ಗೆ ಹಾಕಿದ್ದಾರೆ, ಒಂದು ಅಕ್ಷರವನ್ನೂ ಕಾಪಿ ಮಾಡಲು ಬರುವುದಿಲ್ಲ. ದೊಡ್ಡ ಕಂಪನಿಗಳಲ್ಲಿ, ಉದ್ಯೋಗದ ವೆಬ್‌ಸೈಟ್‌ಗಳಲ್ಲಿ ಬಯೋಡಾಟಾಗಳನ್ನು ಸಾಫ್ಟ್‌ವೇರ್ ಮೂಲಕ ಪದ ಹಾಕಿ ಹುಡುಕುತ್ತಾರೆ. "ಟ್ಯಾಲಿ" ಎಂದು ಹುಡುಕಿದರೆ ಚಿತ್ರದೊಳಗಿನ ಟ್ಯಾಲಿ ಸಿಗದೇ ಹೋಗಬಹುದು. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಕಂಟ್ರೋಲ್-ಎ, ಕಂಟ್ರೋಲ್-ಸಿ ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಅಲ್ಲಿ ಏನೂ ಬಾರದಿದ್ದರೆ ಅದು ಬರೀ ಚಿತ್ರ. ಸಾಲುಗಳು ಹಿಂದುಮುಂದಾಗಿ ಬಂದರೆ ಎರಡು ಕಾಲಂ ಅಥವಾ ಟೇಬಲ್ ಇಟ್ಟದ್ದೇ ಕಾರಣ. ವರ್ಡ್‌ನಲ್ಲಿ ಎ4 ಪುಟ, ಒಂದೇ ಕಾಲಂ, ಅಕ್ಷರದ ಗಾತ್ರ 11, ಸುತ್ತ 2 ಸೆಂ.ಮೀ. ಅಂಚು, ಫೋನ್ ನಂಬರ್ ಹೆಡರ್‌ನಲ್ಲಲ್ಲ, ಪುಟದ ಒಳಗೆ. ಆಮೇಲೆ ಪಿಡಿಎಫ್ ಆಗಿ ಸೇವ್ ಮಾಡಿ, ಮತ್ತೆ ಇದೇ ಪರೀಕ್ಷೆ ಮಾಡಿ. ಡಿಟಿಪಿ ಅಂಗಡಿಯಲ್ಲೇ ಮಾಡಿಸುವುದಾದರೆ ವರ್ಡ್ ಫೈಲನ್ನೂ ಕೇಳಿ ತೆಗೆದುಕೊಳ್ಳಿ. ಇಲ್ಲವಾದರೆ ಪ್ರತಿ ಸಲ ಒಂದು ಸಾಲು ತಿದ್ದಲೂ ಅಲ್ಲಿಗೇ ಓಡಬೇಕಾಗುತ್ತದೆ.

ತಿದ್ದಬೇಕಾಗುವುದು ಏಕೆಂದರೆ, ಒಂದೇ ಪ್ರತಿಯನ್ನು ಎಲ್ಲರಿಗೂ ಕಳಿಸುವಂತಿಲ್ಲ. ಮಾಡಿದ ಕೆಲಸವೆಲ್ಲ ಇರುವ ದೊಡ್ಡ ಫೈಲೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಪಣಂಬೂರಿನಲ್ಲಿ ಬಂದರಿನ ಸರಕಿಗೆ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟರಿಗೆ ಕಳಿಸುವಾಗ ಬಿಲ್ ಆಫ್ ಎಂಟ್ರಿ, ಇ-ವೇ ಬಿಲ್ ಮೇಲೆ ಬರಲಿ. ಮಣಿಪಾಲದ ಕಡೆಯ ಆಸ್ಪತ್ರೆಗೋ ಹೋಟೆಲಿಗೋ ಆದರೆ ಬಿಲ್ಲಿಂಗ್, ಬ್ಯಾಂಕ್ ತಾಳೆ, ಸಪ್ಲೈಯರ್ ಪಾವತಿ. ಜಾಹೀರಾತಿನಲ್ಲಿ "ಅಕೌಂಟ್ಸ್ ಪೇಯಬಲ್" ಎಂದಿದ್ದರೆ ನಿಮ್ಮ "ಪರ್ಚೇಸ್ ಎಂಟ್ರಿ" ಪಕ್ಕದಲ್ಲಿ ಆ ಪದವನ್ನೂ ಬರೆಯಿರಿ. ಮಾಡದ ಕೆಲಸವನ್ನು ಮಾತ್ರ ಸೇರಿಸಬೇಡಿ. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಬರುತ್ತದೆ ಎಂದು ಬರೆದವರಿಗೆ ಸಂದರ್ಶನದಲ್ಲೇ ಲ್ಯಾಪ್‌ಟಾಪ್ ಮುಂದಿಟ್ಟು ಮಾಡಿ ತೋರಿಸಿ ಅನ್ನುವುದುಂಟು.

ಎಂಆರ್‌ಪಿಎಲ್‌ನಂಥ (ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ) ಸಾರ್ವಜನಿಕ ವಲಯದ ಸಂಸ್ಥೆಗಳಿಗೂ ಬ್ಯಾಂಕ್ ಪರೀಕ್ಷೆಗಳಿಗೂ ಈ ಮಾತು ಅನ್ವಯಿಸದು. ಅಲ್ಲಿ ಅಧಿಸೂಚನೆಯ ಫಾರಂನಲ್ಲಿ ಕೇಳಿದ್ದನ್ನು ಕೇಳಿದಂತೆಯೇ ತುಂಬಬೇಕು.

ಕಳಿಸುವ ಕ್ರಮದ ಬಗ್ಗೆ ಕೊನೆಯ ಮಾತು. ಫೈಲಿನ ಹೆಸರು "ನ್ಯೂ ಬಯೋಡಾಟಾ ಫೈನಲ್ 2" ಎಂದಿದೆ. ನಿಮ್ಮ ಹೆಸರು ಮತ್ತು "ಅಕೌಂಟ್ಸ್" ಎಂದು ಬದಲಿಸಿ. ಇಮೇಲ್‌ನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಅನುಭವದ ವರ್ಷ ಬರೆಯಿರಿ. ಒಳಗೆ ಐದಾರು ಸಾಲು, ಅದರಲ್ಲಿ ಎಷ್ಟು ದಿನದಲ್ಲಿ ಸೇರಬಲ್ಲಿರಿ ಎಂಬುದೂ ಇರಲಿ. ಸಂಬಳದ ನಿರೀಕ್ಷೆಯನ್ನು ಜಾಹೀರಾತಿನಲ್ಲಿ ಕೇಳಿದ್ದರೆ ಇಲ್ಲಿ ಬರೆಯಿರಿ, ಬಯೋಡಾಟಾದಲ್ಲಿ ಬೇಡ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಅಂದರೆ ಫೋಟೊ ತೆಗೆದು ಹಾಕದೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ನಿಮ್ಮ ಪ್ರತಿಯ ಮೂರನೇ ಪುಟದಲ್ಲಿ ಆಧಾರ್ ಮತ್ತು ಪ್ಯಾನ್ ಕಾರ್ಡಿನ ಚಿತ್ರಗಳಿವೆ. ಅವನ್ನು ಇವತ್ತೇ ತೆಗೆಯಿರಿ. ಆಫರ್ ಲೆಟರ್ ಕೈಗೆ ಬಂದು, ಕಂಪನಿಯ ವಿಳಾಸ, ಫೋನ್ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಆ ದಾಖಲೆಗಳನ್ನು ಕೊಟ್ಟರೆ ಸಾಕು. ಅದಕ್ಕೆ ಮೊದಲು ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಡಿಪಾಸಿಟ್ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.